ಬಣ್ಣ ಐತಿ, ಖಾರ ಇಲ್ಲ

ರಾಣೆಬೆನ್ನೂರಿನ ಗುಜರಿಯಿಂದ ತಂದ ಹಳೆಯ ಕನ್ನಡಿ ಚೌಕಟ್ಟುಗಳಿಗೆ ನನ್ನಕ್ಕ ಬ್ಯಾಡಗಿ ಮೆಣಸಿನಪುಡಿಗೆ ಅಂಟು ಬೆರೆಸಿ ಕೆಂಪು ಬಳಿಯುತ್ತಿದ್ದಳು. ಮೂಗು ಮುಚ್ಚಿಕೊಂಡವರಿಗೆಲ್ಲ ಒಂದೇ ಮಾತು: “ಬಣ್ಣ ಐತಿ, ಖಾರ ಇಲ್ರಿ.”

ಒಂದಾದರೂ ಮಾರಿದರೆ ಪಡಸಾಲೆಯಲ್ಲಿ ಅಂಗಡಿ ಇಟ್ಟುಕೋ ಎಂದಿದ್ದ ಅಪ್ಪ. ಅವಳಿಗೆ ಪುಡಿ ತಂದುಕೊಡುವುದು ನನ್ನ ಕೆಲಸ. ಆ ಸಲ ಪೇಟೆಗೆ ಹೋಗಲು ಬೇಸರವಾಗಿ ನಾನು ಅಡುಗೆಮನೆಯ ಖಾರದ ಗುಂಟೂರು ಪುಡಿಯನ್ನೇ ಬ್ಯಾಡಗಿಯದೆಂದು ಕಟ್ಟಿಕೊಟ್ಟಿದ್ದೆ.

ಮೊದಲ ಗಿರಾಕಿ ಮೋಟೆಬೆನ್ನೂರಿನ ಟೀಚರು. ಚೌಕಟ್ಟು ಸವರಿದ ಕೈಯಲ್ಲೇ ಕಣ್ಣೊರೆಸಿಕೊಂಡು, “ಯವ್ವಾ, ಕನ್ನಡಿ ಕಡೀತೈತ್ರೀ!” ಎಂದು ಕುಣಿದರು.

ಅಪ್ಪ ನನ್ನತ್ತ ತಿರುಗಿದ. “ಬ್ಯಾಡಗೀದ ತಂದಿಯಿಲ್ಲೋ?”

“ಹೂಂ” ಎಂದೆ.

ನನ್ನನ್ನು ನಂಬಿದ ಅಕ್ಕ ಎಲ್ಲರೆದುರು ಚೌಕಟ್ಟನ್ನು ಉದ್ದಕ್ಕೂ ನೆಕ್ಕಿದಳು. ಕಣ್ಣು, ಮೂಗು ಸುರಿಯುತ್ತಿದ್ದರೂ ನನ್ನನ್ನೇ ನೋಡುತ್ತ, “ಖಾರ ಇಲ್ಲ” ಎಂದಳು.

ಕನ್ನಡಿ ಮಾರಾಟವಾಗಲಿಲ್ಲ, ಅಂಗಡಿಯೂ ಆಗಲಿಲ್ಲ. ನನ್ನ ಸುಳ್ಳನ್ನು ಅಕ್ಕ ಯಾರಿಗೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.