ಘಾಯಿತಾಯಿ ಮತ್ತು ಇಪ್ಪತ್ತಾರು ಕನ್ನಡಕಗಳು

ಭೋರ್ ದಾಟಿ ಇನ್ನೂ ಎರಡು ತಾಸು ಹೋದರೆ ಘಟ್ಟದ ಅಂಚಿನಲ್ಲಿ ಒಂದು ಊರಿದೆ. ಹೋದ ವರ್ಷ ಇಪ್ಪತ್ತಾರು ಕನ್ನಡಕ ಕಟ್ಟಿಕೊಂಡು ಅಲ್ಲಿಗೆ ಹೊರಟೆ. ನಮ್ಮ ಸಂಸ್ಥೆಯ ಡಾಕ್ಟರು ತಿಂಗಳ ಹಿಂದೆ ಆ ಊರಿನವರ ಕಣ್ಣು ನೋಡಿ ಬಂದಿದ್ದರು. ಪ್ರತಿ ಡಬ್ಬಿಯ ಮೇಲೂ ಆಧಾರ್ ಕಾರ್ಡಿನಲ್ಲಿದ್ದ ಪೂರ್ತಿ ಹೆಸರು ಅಂಟಿಸಿತ್ತು. ಹಂಚಬೇಕು, ಸಹಿ ತಗೋಬೇಕು, ಹೋದ ಬಸ್ಸಿನಲ್ಲೇ ಎರಡು ಗಂಟೆಗೆ ವಾಪಸಾಗಬೇಕು. ಪುಣೆಯ ವಿಮಾನ ನಗರದ ಆಫೀಸಿನಲ್ಲಿ ಕೂತು ನಾನು ಹಾಕಿಕೊಂಡ ಯೋಜನೆ ಇದು.

ದಾರಿಯಲ್ಲಿ ಬಸ್ಸು ಒಂದು ಮನೆಯ ಮುಂದೆ ನಿಂತಿತು. ಡ್ರೈವರ್ ಇಳಿದ, ಕಂಡಕ್ಟರ್ ಇಳಿದ, ಜನವೆಲ್ಲ ಇಳಿದರು. ನಾನೊಬ್ಬಳೇ ಸೀಟಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಕಂಡಕ್ಟರ್ ಕಿಟಕಿಯ ಹತ್ತಿರ ಬಂದು ಕರೆದ. ಅವನು ಹೇಳಿದ್ದು ಮರಾಠಿಯಲ್ಲಿ. ನನ್ನ ತಲೆಯಲ್ಲಿ ಅದು ಅವ್ವನ ಕನ್ನಡವಾಗಿ ಉಳಿದಿದೆ.

"ಇಳೀರಿ ಅಕ್ಕಾರ, ಚಹಾ ಆರ್ತದ."

"ಬಸ್ಸಿಗೆ ತಡ ಆಗೂದಿಲ್ಲೇನ್ರಿ?"

"ಬಸ್ಸು ಇಲ್ಲೇ ಅದಲ್ರಿ!"

ಊರಿನ ಗುಡಿಯ ಕಟ್ಟೆಯ ಮೇಲೆ ಡಬ್ಬಿಗಳನ್ನು ಜೋಡಿಸಿ ಮೊದಲ ಹೆಸರು ಕೂಗಿದೆ. ಯಾರೂ ಏಳಲಿಲ್ಲ. ಎರಡನೆಯದು, ಮೂರನೆಯದು, ಹಂಗೇ. "ಅಂಥಾವ್ರು ನಮ್ಮೂರಾಗ ಇಲ್ರಿ" ಎಂದು ಎಲ್ಲರೂ ಬಹಳ ಮರ್ಯಾದೆಯಿಂದ ಹೇಳಿದರು. ಐದನೆಯ ಹೆಸರನ್ನು ಮೂರು ಸಲ ಕೂಗಿದೆ. ಕಂಬಕ್ಕೆ ಒರಗಿದ್ದ ಒಬ್ಬ ಅಜ್ಜ ತಾನೂ ಕತ್ತು ಚಾಚಿ ಹುಡುಕಿ, "ಯಾವನೋ ಅವ, ಲಗೂನ ಬಾರೋ! ಪಾಪ, ಆ ಹೆಣ್ಮಗಳು ಒದರಾಕತ್ತಾಳ" ಎಂದು ನನ್ನ ಪರವಾಗಿ ಗದರಿದ. ಅದು ಅವನದೇ ಹೆಸರು. ಆಗ ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಹೊಲದಿಂದ ಬಂದಳು. ನನ್ನ ಪಾಡು ಕೇಳಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಇಲ್ಲಿ ಹೆಸರು ಹಿಡಿದು ಯಾರೂ ಕರೆಯುವುದಿಲ್ಲವಂತೆ, ಎಲ್ಲರಿಗೂ ಊರೇ ಇಟ್ಟ ಅಡ್ಡಹೆಸರು. ಅವಳು ಕೆಳಗಿನ ಕೊಂಕಣದಿಂದ, ಇವರ ಬಾಯಲ್ಲಿ ಕೋಕಣದಿಂದ, ಘಟ್ಟ ಹತ್ತಿ ಮದುವೆಯಾಗಿ ಬಂದವಳು. "ಬಂದು ಐವತ್ತು ವರ್ಷ ಆತ್ರಿ, ಇನ್ನೂ ನಾ ಕೋಕಣಿನೇ." ಅವಳ ಗಂಡ ಮುಂಬಯ್ಯಾ. ಮುಂಬಯಿಯಲ್ಲಿ ಎಷ್ಟು ವರ್ಷ ಇದ್ದಿರಿ ಎಂದು ಕೇಳಿದೆ. "ಹದಿನೇಳು ದಿವ್ಸ" ಅಂದ ಅಜ್ಜ, ಎದೆ ಸೆಟೆಸಿ. ಸಾತಾರಕ್ಕೆ ಮದುವೆಗೆ ಹೋಗಿ ಚಪ್ಪಲಿ ಕಳಕೊಂಡು ಬಂದವನು ಸಾತಾರ್‍ಯಾ ಆಗಿದ್ದ.

"ನಿಮ್ಮದು ಯಾವೂರ್ರಿ?" ಕೋಕಣಿ ಕೇಳಿದಳು.

"ಯೆರವಡಾ."

ಮುಂಬಯ್ಯಾ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದ: "ಯಾವಾಗ ಬಿಟ್ರು?"

ಯೆರವಡಾದಲ್ಲಿ ಜೈಲಿನ ಹೊರಗೂ ಮಂದಿ ಇರುತ್ತಾರೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಹನ್ನೆರಡೂವರೆ ಆಯಿತು. ಅಪ್ಪ ಅವ್ವ ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ನಾನು ಹುಟ್ಟಿದ್ದು ಯೆರವಡಾದ ಓಣಿಯಲ್ಲಿ. ಆ ಓಣಿಯವರಿಗೆ ನಾವು ಕಾನಡಿ, ಯಾದಗಿರಿಗೆ ಹೋದರೆ ಪುಣೇ ಮಂದಿ. "ಹಂಗಾದ್ರ ನೀವೂ ನಮ್ಮಂಗ" ಎಂದು ಕೋಕಣಿ ನನ್ನ ಕೈ ಹಿಡಿದು ತೀರ್ಪು ಕೊಟ್ಟಳು.

ಮನೆಮನೆಯಿಂದ ಕಾರ್ಡು ತರಿಸುವುದೊಂದೇ ದಾರಿ. ಹೆಂಗಸರು ಹೊರಟರು. ಹೊರಟವರು ದಾರಿಯಲ್ಲಿ ನಿಂತು ಮಾತಾಡಿದರು. ನಾನು ಕಟ್ಟೆ ಹತ್ತಿ ಇಳಿದು, ಇಳಿದು ಹತ್ತಿ, "ಲಗೂ, ಲಗೂ" ಎಂದು ಕೈ ಬೀಸಿದೆ. ಬೆನ್ನ ಹಿಂದೆ ನಗು ಕೇಳಿ ತಿರುಗಿದರೆ, ಇಪ್ಪತ್ತಾರೂ ಡಬ್ಬಿ ತೆರೆದಿದ್ದವು!

ತಡೆಯುವುದಕ್ಕೆ ಎಲ್ಲಿ ಆಗುತ್ತದೆ? ಸಾತಾರ್‍ಯಾ ಯಾರದೋ ದಪ್ಪ ಗಾಜು ಹಾಕಿಕೊಂಡು, ನೆಲ ಇನ್ನೂ ಕೆಳಗಿದೆ ಎಂದುಕೊಂಡು ಕೊಕ್ಕರೆಯ ಹಾಗೆ ಕಾಲೆತ್ತಿ ನಡೆಯುತ್ತಿದ್ದ. ಇನ್ನೊಬ್ಬಳು ಆಡಿನ ಮರಿಗೆ ಎಮ್ಮೆಗೆ ಬಿಡುವಷ್ಟು ದಾರಿ ಬಿಟ್ಟು ಸರಿದಳು. ಮುಂಬಯ್ಯಾ ಒಂದು ಕನ್ನಡಕ ಏರಿಸಿ ಹೆಂಡತಿಯನ್ನೇ ದಿಟ್ಟಿಸಿದ.

"ಏ ಕೋಕಣಿ, ನೀ ಯಾವಾಗ ಮುದುಕಿ ಆದಿ?"

ಅವಳು ಅದನ್ನೇ ಕಿತ್ತು ತಾನು ಹಾಕಿಕೊಂಡು ಅವನನ್ನು ನೋಡಿದಳು. "ನಿಮ್ಮನ್ನ ನೋಡಿ ನೋಡಿ."

ನಕ್ಕು ನಕ್ಕು ನನಗೆ ಪಕ್ಕೆ ಹಿಡಿದು ನೆಲಕ್ಕೆ ಕೂರುವ ಹಾಗಾಯಿತು. ಕೂತವಳು ಗಡಿಯಾರ ನೋಡಿದೆ: ಎರಡಕ್ಕೆ ಐದು ನಿಮಿಷ! ಬಸ್ಸಿನ ಕಡೆ ಓಡಿದೆ. ಡ್ರೈವರ್ ಮರದ ಕೆಳಗೆ ಟವೆಲ್ ಹೊದ್ದು ಮಲಗಿದ್ದ. ಕಂಡಕ್ಟರ್ ಸಮಾಧಾನ ಹೇಳಿದ: "ಹೋಗೂ ಮಂದಿ ಎಲ್ಲಾ ನಿಮ್ಮ ಕಟ್ಟೀ ಮ್ಯಾಲೆ ಕನ್ನಡಕ ಹಾಕ್ಕೊಂಡು ಕುಂತಾರ. ಖಾಲಿ ಬಸ್ಸು ಒಯ್ದು ಏನ್ಮಾಡ್ಲಿ? ನಡೀರಿ ಘಾಯಿತಾಯಿ, ನಾನೂ ಬರ್ತೀನಿ."

ಮರಾಠಿಯಲ್ಲಿ ಘಾಯಿ ಅಂದರೆ ಅವಸರ, ತಾಯಿ ಅಂದರೆ ಅಕ್ಕ. ಚಹಾಕ್ಕೆ ಇಳಿಯದೆ ಕೂತಾಗಲೇ ನನಗೆ ಈ ಹೆಸರು ಬಿದ್ದಿತ್ತಂತೆ. ನನಗಿಂತ ಮೊದಲು ಊರು ಮುಟ್ಟಿತ್ತಂತೆ.

ಕಾರ್ಡುಗಳು ಬಂದವು. ಒಂದೊಂದನ್ನೇ ಓದಿದೆ. ಪ್ರತಿ ಹೆಸರಿಗೂ ಕಟ್ಟೆ ತುಂಬ ಚಪ್ಪಾಳೆ. "ಅಯ್ಯ, ಇಷ್ಟು ಚಂದ ಹೆಸ್ರು ಇಟ್ಕೊಂಡು ಸುಮ್ನ ಕುಂತಿದ್ದಿಯೇನೋ!" ಐದನೆಯ ಡಬ್ಬಿ ತನ್ನದೆಂದು ಗೊತ್ತಾದಾಗ ಮುಂಬಯ್ಯಾ ಎದ್ದುನಿಂತು, ಬಹುಮಾನ ತಗೊಳ್ಳುವವನ ಹಾಗೆ ಎರಡೂ ಕೈ ಚಾಚಿದ. ಕೋಕಣಿ ಮಾತ್ರ ತನ್ನ ಹೆಸರನ್ನು ಮೂರು ಸಲ ಓದಿಸಿಕೊಂಡಳು. "ಚಂದ ಅದ. ಆದ್ರ ಯಾರದೋ ಅನಸ್ತದ" ಎಂದು, ಕನ್ನಡಕ ಹಾಕಿಕೊಂಡು, ನನ್ನ ಗಲ್ಲದ ಮೇಲಿನ ಮಚ್ಚೆಯನ್ನು ಬೆರಳಿಟ್ಟು ತೋರಿಸಿದಳು.

ಬಸ್ಸು ನಾಲ್ಕಕ್ಕೆ ಬಿಟ್ಟಿತು. ಭೋರ್ ಸ್ಟ್ಯಾಂಡಿನಿಂದ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ನಕ್ಕಳು, ಆಮೇಲೆ ಪಿಸುಗುಟ್ಟಿದಳು: "ನಿಮ್ಮಪ್ಪನ್ನ ಹೆಸ್ರು ಹಿಡಿದು ನಾ ಒಂದಿನಾನೂ ಕರೆದಿಲ್ಲ ನೋಡು. ಕರೀಲೇನ?"

"ಕರಿ, ಕರಿ!"

ಕರೆದಳು. ಗಟ್ಟಿಯಾಗಿ, ಪೂರ್ತಿ ಹೆಸರು, ಮನೆತನದ ಹೆಸರಿನ ಸಮೇತ. ಒಳಗಿನಿಂದ ಅಪ್ಪನ ಗಾಬರಿಯ ದನಿ ಕೇಳಿಸಿತು: "ಬಂದೆರೀ ಸಾಹೇಬ್ರ!" ಅವ್ವನ ಕೈಯಿಂದ ಫೋನ್ ಬಿತ್ತು. ನೆಲಕ್ಕೆ ಬಿದ್ದ ಫೋನಿನಲ್ಲೇ ಅವಳ ನಗು ಕೇಳುತ್ತಾ ನಾನು ಪುಣೆಯ ಬಸ್ಸು ಹತ್ತಿದೆ.