ನಾಗವ್ವನವರ ಒಡಪು, ಫಕೀರಪ್ಪನವರ ಶಹನಾಯಿ

೨೦೨೪ರ ಜುಲೈ ೧೧, ಗುರುವಾರ; ಮಳೆಗಾಲ. ಮುಂಜಾನೆಯಿಂದ ಪುಣೆಯ ಯೆರವಡಾದ ಮೇಲೆ ಜಿಟಿಜಿಟಿ ಮಳೆ ಹಿಡಿದಿತ್ತು, ಗಾಳಿ ಇರಲಿಲ್ಲ. ಎಲ್ಲರೂ ಮಾಂತು ಎಂದೇ ಕರೆಯುವ ಮಹಾಂತೇಶನ ವಿಡಿಯೋ ಅಂಗಡಿಯ ಮೆಟ್ಟಿಲನ್ನು ನಾಗವ್ವನವರು ಮೊಮ್ಮಗಳು ನೀಲಿಮಾಳ ಕೈ ಹಿಡಿದು ಏರಿ ಬಂದರು. ಅವರದೊಂದು ತಕರಾರಿತ್ತು.

ಮಾಂತು ಹುಟ್ಟಿದ್ದು ೧೯೮೩ರ ಆಗಸ್ಟ್ ೪ರಂದು, ಧಾರವಾಡ ಜಿಲ್ಲೆಯ ನವಲಗುಂದದಲ್ಲಿ. ತಂದೆ ಫಕೀರಪ್ಪನವರು ಮದುವೆಗಳಲ್ಲಿ ಶಹನಾಯಿ ಊದುತ್ತಿದ್ದರು. ಮಗನಿಗೆ ಉಸಿರು ಸಾಲದೆಂದು ಅವರೇ ತೀರ್ಮಾನಿಸಿ, ೨೦೦೧ರ ಜೂನ್ ತಿಂಗಳಲ್ಲಿ ಅವನನ್ನು ಪುಣೆಯಲ್ಲಿದ್ದ ಸೋದರಮಾವನ ಫೋಟೋ ಸ್ಟುಡಿಯೋಕ್ಕೆ ಕಳಿಸಿದರು. ಅಲ್ಲಿ ಅವನು ಕ್ಯಾಮೆರಾ ಹಿಡಿಯುವುದನ್ನು ಕಲಿತ. ಅದಕ್ಕಿಂತ ಚೆನ್ನಾಗಿ, ಹಿಡಿದದ್ದನ್ನು ಕತ್ತರಿಸಿ ಜೋಡಿಸುವುದನ್ನು ಕಲಿತ. ೨೦೧೬ರಲ್ಲಿ ಹಲ್ಲುಗಳು ಬಿದ್ದು ತಂದೆಯ ವಾದನ ನಿಲ್ಲುವ ಮೊದಲು ಅವರ ಶಹನಾಯಿಯನ್ನು ಧ್ವನಿಮುದ್ರಿಸಿಕೊಂಡ. ಅಂದಿನಿಂದ ಅವನು ಜೋಡಿಸಿದ ಪ್ರತಿಯೊಂದು ಮದುವೆಯ ವಿಡಿಯೋಕ್ಕೂ ಹಿನ್ನೆಲೆ ಸಂಗೀತ ಅದೇ. ಪುಣೆಗೆ ಬಂದು ನೆಲೆಸಿದ ಫಕೀರಪ್ಪನವರು ದಿನವೂ ಮಗನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು.

ಇದರಿಂದ ಕೆಲಸದಲ್ಲೊಂದು ದೋಷ ಬೆಳೆಯಿತು. ಅಕ್ಷತೆ ಬೀಳುವ ಗಳಿಗೆಯಲ್ಲಿ ಸೀನು, ಅಳುಗಳಂಥ ಅಪಶಕುನದ ಸದ್ದು ಕೇಳಿಸಬಾರದೆಂದು ಗಟ್ಟಿಮೇಳ ಊದುವುದು ಪದ್ಧತಿ. ಮಾಂತು, ತಂದೆಯ ಮರ್ಯಾದೆಗೆ ಕುಂದು ಬರಬಾರದೆಂದು, ಇಡೀ ವಿಡಿಯೋವನ್ನೇ ಗಟ್ಟಿಮೇಳ ಮಾಡಿಬಿಡುತ್ತಿದ್ದ. ಮಾತಾಡುವವರ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಗಿರಾಕಿಗಳು ತಂತಮ್ಮ ಸೀರೆ ನೋಡಿಕೊಳ್ಳುವುದರಲ್ಲೇ ಮಗ್ನರಾಗುತ್ತಿದ್ದುದರಿಂದ ಯಾರೂ ದೂರಿರಲಿಲ್ಲ.

ನಾಗವ್ವನವರ ವಿಷಯ ಬೇರೆ. ಅವರ ಮದುವೆ ೧೯೭೩ರ ಮೇ ೧೦ರಂದು ಬೆಳಗಾವಿಯಲ್ಲಿ ಆಯಿತು. ಗಂಡನ ಹೆಸರನ್ನು ಪ್ರಾಸದೊಳಗೆ ಕೂಡಿಸಿ ಒಡಪು ಹೇಳೆಂದು ಹೆಂಗಸರು ಕಾಡಿದರು. ಗಂಡ ಪಂಢರಿನಾಥರೂ ಮೆಲ್ಲಗೆ ಕೇಳಿಕೊಂಡರು. ನಾಚಿದ ವಧು ಬಾಯಿ ಬಿಡಲಿಲ್ಲ. ಗಂಡನ ಹೆಸರೆತ್ತಬಾರದೆಂಬ ನಿಯಮವನ್ನು ಅನಂತರವೂ ಮುರಿಯಲಿಲ್ಲ. ೨೦೨೪ರ ಏಪ್ರಿಲ್ ೨೧ರಂದು, ನೀಲಿಮಾಳ ಮದುವೆಯಲ್ಲಿ, ಯಾರೂ ಕೇಳದೆಯೇ ಮೈಕು ಕೈಗೆತ್ತಿಕೊಂಡು ಹೇಳಿಬಿಟ್ಟರು. ಆದರೆ ಕೇಳಬೇಕಾದವರು ಅಲ್ಲಿರಲಿಲ್ಲ. ಪಂಢರಿನಾಥರು ಸೊಂಟದ ಎಲುಬು ಮುರಿದುಕೊಂಡು, ಉಜನಿ ಅಣೆಕಟ್ಟಿನ ಸಮೀಪದ ಇಂದಾಪುರದ ಮನೆಯಲ್ಲಿ ಮಲಗಿದ್ದರು. ಬರುವ ಭಾನುವಾರ, ಜುಲೈ ೧೪ರಂದು, ಮನೆಯವರೆಲ್ಲ ಅವರ ಮಂಚದ ಸುತ್ತ ಕುಳಿತು ವಿಡಿಯೋ ನೋಡುವವರಿದ್ದರು. ಮಾಂತು ಕೊಟ್ಟ ಪ್ರತಿಯಲ್ಲಿ ಒಡಪಿನ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

“ಅವಾಗ ನಾನs ಬಾಯಿ ತೆಗೀಲಿಲ್ಲ. ಈಗ ತೆಗದ್ರ ನಿಮ್ಮ ವಾದ್ಯ ನುಂಗ್ತು,” ಎಂದರು ನಾಗವ್ವನವರು.

ಈಗಲೇ ಇಲ್ಲಿ ಇನ್ನೊಮ್ಮೆ ಹೇಳಿದರೆ ಧ್ವನಿಮುದ್ರಿಸಿ ಕೂಡಿಸುವೆನೆಂದು ಮಾಂತು ಸೂಚಿಸಿದ.

“ಆಗೂದಿಲ್ಲ ತಮ್ಮಾ. ಮಂದಿ ಮುಂದ ಹೇಳಿದ್ರ ಒಡಪು. ಈ ಕ್ವಾಣ್ಯಾಗ ಹೇಳಿದ್ರ ಬರೇ ಅವರ ಹೆಸರು ಹಿಡದು ಕರದಂಗ.”

ನೀಲಿಮಾ ಮರಾಠಿಯಲ್ಲಿ ಮಾಂತುವಿನ ಕಿವಿಯ ಬಳಿ, ಸ್ವಲ್ಪ ಕಡಿಮೆ ಮಾಡಿದರಾಯಿತಲ್ಲ ಎಂದಳು. ಹಿಂದಿನ ಕುರ್ಚಿ ಕಿರುಗುಟ್ಟಿತು.

“ಏನ ಕಮ್ಮಿ ಮಾಡಬೇಕಂತ?” ಎಂದು ಫಕೀರಪ್ಪನವರು ಕೇಳಿದರು.

“ಬೆಳಕಪಾ, ಬೆಳಕು,” ಎಂದ ಮಾಂತು.

“ಬೆಳಕಲ್ರಿ ಯಜಮಾನ್ರ, ನಿಮ್ಮ ಶಹನಾಯಿ,” ಎಂದರು ನಾಗವ್ವನವರು.

ಫಕೀರಪ್ಪನವರು ಸಂಗೀತವನ್ನು ಪೂರ್ತಿ ಮುಚ್ಚಿ ಮೈಕಿನ ಧ್ವನಿಯೊಂದನ್ನೇ ಕೇಳಿಸುವಂತೆ ಮಗನಿಗೆ ಹೇಳಿದರು. ಮಾಂತು ಹಾಗೆಯೇ ಮಾಡಿದ. ನಾಗವ್ವನವರ ದನಿ ಸ್ಪಷ್ಟವಾಗಿ ಬಂತು:

“ಉಜನಿ ಕಾಲುವಿ ನೀರಿಗೆ ಕಬ್ಬು ಬೆಳದಾವ ಎತ್ತರ,
ಪಂಢರಿನಾಥರು ಅಂದು ಕೇಳಿದ್ದಕ್ಕ ಇಂದು ಕೊಟ್ಟೀನಿ ಉತ್ತರ.”

ಫಕೀರಪ್ಪನವರು ಬೊಚ್ಚುಬಾಯಿ ತುಂಬ ನಕ್ಕರು. “ಎಂಟು ವರ್ಷದಿಂದ ನನ್ನ ಹೆಸರಿಲೆ ಎಷ್ಟು ಮಂದೀ ಬಾಯಿ ಮುಚ್ಚೀದೀಯೋ ಮಾಂತ್ಯಾ? ಇಳಸು.”

ಮಾಂತು ಮಾತಿನ ಜಾಗದಲ್ಲಿ ಸಂಗೀತವನ್ನು ಒಮ್ಮೆಗೇ ಕತ್ತರಿಸಿದ. ಮಂಟಪದಲ್ಲಿ ಕರೆಂಟು ಹೋದಂತಾಯಿತು. ಹಿಂದಿನ ಪಾತ್ರೆಗಳ ಸದ್ದು, ಯಾರದೋ ಕೆಮ್ಮು ಮುಂದಕ್ಕೆ ಬಂದವು. ಇದು ಇಳಿಸುವುದಲ್ಲ, ಕೊಲ್ಲುವುದು ಎಂದು ತಂದೆ ಗದರಿದರು. ಹಿರಿಯರು ಮಾತಿಗೆ ನಿಂತಾಗ ತಾವು ಊದುವುದನ್ನು ನಿಲ್ಲಿಸುತ್ತಿರಲಿಲ್ಲ, ಉಸಿರನ್ನು ಸಣ್ಣದು ಮಾಡುತ್ತಿದ್ದೆವು ಎಂದರು. ಮಾಂತು ಮತ್ತೆ ಕುಳಿತ. ನಾಗವ್ವನವರು ಮೈಕು ಎತ್ತುವಾಗಲೇ ಸಂಗೀತ ಇಳಿಯತೊಡಗಿ, ಒಡಪಿನ ಕೆಳಗೆ ತೆಳ್ಳಗೆ ಹರಿದು, ಹೆಂಗಸರ ನಗು ಮುಗಿಯುತ್ತ ಬಂದಂತೆ ಮೆಲ್ಲಗೆ ಮೇಲೇರುವ ಹಾಗೆ ಜೋಡಿಸಿದ.

“ಈಗ ಹೌದ,” ಎಂದರು ನಾಗವ್ವನವರು. “ಊದವರು ನನ್ನ ಬೆನ್ನಿಗೆ ನಿಂತಂಗ ಅದ.”

ಜುಲೈ ೧೪ರಂದು ಇಂದಾಪುರದಲ್ಲಿ ವಿಡಿಯೋ ತೋರಿಸಲಾಯಿತು. ಪಂಢರಿನಾಥರು ಆ ಭಾಗವನ್ನು ಮೂರು ಸಲ ಹಾಕಿಸಿಕೊಂಡರೆಂದೂ, ಆ ಹೊತ್ತು ನಾಗವ್ವನವರು ಅಡುಗೆಮನೆಯಿಂದ ಹೊರಗೆ ಬರಲಿಲ್ಲವೆಂದೂ ನೀಲಿಮಾ ಮರುದಿನ ಫೋನಿನಲ್ಲಿ ತಿಳಿಸಿದಳು. ಸೆಪ್ಟೆಂಬರ್ ತಿಂಗಳಲ್ಲಿ ಪಂಢರಿನಾಥರು ಕೋಲೂರಿ ನಡೆಯತೊಡಗಿದರು. ಮಾಂತು ಹಳೆಯ ಗಿರಾಕಿಗಳ ಕೆಲವು ವಿಡಿಯೋಗಳನ್ನು ತಾನಾಗಿಯೇ ಮತ್ತೆ ಜೋಡಿಸಿಕೊಟ್ಟ. ರಾಂಜಣಗಾಂವದ ಒಂದು ಕುಟುಂಬದವರು ಮಾತ್ರ, ಹೊಸ ಪ್ರತಿಯಲ್ಲಿ ಬೀಗರ ಜಗಳ ಸ್ಪಷ್ಟವಾಗಿ ಕೇಳಿಸುತ್ತದೆಂದು, ೨೦೨೫ರ ಫೆಬ್ರುವರಿ ೨ರಂದು ಅದನ್ನು ಹಿಂದಿರುಗಿಸಿ ಮೊದಲಿನದನ್ನೇ ಇಟ್ಟುಕೊಂಡರು.