ಪಕ್ಕದ ಮನೆಯ ನೀಲಿ ಹೂ

ಇಂಗ್ಲೆಂಡಿನ ಡರ್ಬಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಅಂಗಳದಲ್ಲಿ ಕಲ್ಲು ಜೋಡಿಸಿ, ಸಂದಿಯಲ್ಲಿ ಜೆನ್ಷಿಯನ್ ಅನ್ನುವ ಬೆಟ್ಟದ ಹೂಗಿಡ ನೆಟ್ಟಿದ್ದರು. ಒಂದು ಬೆಳಿಗ್ಗೆ ಬಾಗಿಲು ತಟ್ಟಿ, "ಯಾರೋ ದಿನಾ ಹೂ ಕೀಳ್ತಿದ್ದಾರೆ. ನಿಮ್ಮ ಡೋರ್‌ಬೆಲ್ ಕ್ಯಾಮೆರಾ ನೋಡಬಹುದಾ?" ಅಂದರು.

ಒಳಗೆ ನಮ್ಮ ದೇವರ ತಲೆಯ ಮೇಲೆ ಅದೇ ನೀಲಿ ಹೂ. ಊರಿಂದ ಬಂದಿದ್ದ ಅಮ್ಮನ ಕೆಲಸ. ಕ್ಯಾಮೆರಾ ನೋಡೋದೇ ಬೇಡ ಅಂತ ಒಪ್ಪಿಕೊಂಡುಬಿಟ್ಟೆ.

ಅಜ್ಜ ನಕ್ಕರು. "ಹೊಸ ಗಿಡ. ಬೇರು ಇಳೀಲಿ ಅಂತ ಈ ವರ್ಷದ ಹೂವೆಲ್ಲ ಕೀಳಬೇಕಿತ್ತು, ನನಗೆ ಮನಸ್ಸು ಬರಲಿಲ್ಲ. ಥ್ಯಾಂಕ್ಸ್ ಹೇಳೋಣ ಅಂತಲೇ ಹುಡುಕ್ತಿದ್ದೆ."

ಹೋದ ಜೀವ ಬಂದಂತಾಗಿ ಅಮ್ಮನಿಗೆ ಹೇಳಿದೆ.

"ಅವರು ಮೊದಲೇ ಹೇಳಬಾರದಿತ್ತಾ," ಅಂದಳು ಅಮ್ಮ. "ದಿನಾ ಐದು ಗಂಟೆಗೆ ಅಲಾರಂ ಇಟ್ಟುಕೊಂಡು ಏಳೋದು ತಪ್ಪುತ್ತಿತ್ತು."